ಮೀನಿಲ್ಲದೆ ದಾಶಿ ಮಾಡುವುದು ಹೇಗೆ?

ಸುಮಾ, ಸೈತಾಮಾ:
ಮದುವೆಯಾಗಿ ಜಪಾನಿಗೆ ಬಂದಿದ್ದೇನೆ. ನಮ್ಮದು ಸಸ್ಯಾಹಾರಿ ಮನೆ, ಆದರೆ ಇಬ್ಬರಿಗೂ ಮಿಸೊ (ಹುದುಗಿಸಿದ ಸೋಯಾ ಮುದ್ದೆ) ಸೂಪಿನ ಆಸೆ. ಅದಕ್ಕೆ ದಾಶಿ ಎಂಬ ತಿಳಿಸಾರು ಬೇಕು. ಅಂಗಡಿಯಲ್ಲಿ ಯಾವ ದಾಶಿ ಪುಡಿ ಎತ್ತಿಕೊಂಡರೂ ಮೀನು. ಬರೀ ನೀರಿಗೆ ಮಿಸೊ ಕದಡಿದರೆ ಉಪ್ಪು ಬಿಟ್ಟು ಬೇರೆ ರುಚಿಯಿಲ್ಲ. ಕೊನೆಗೆ ಕೊಂಬು ಎಂಬ ಒಣಗಿಸಿದ ಕಡಲ ಪಾಚಿ ತಂದೆ. ಅದರ ಮೇಲೆ ಬೂಷ್ಟು ಹಿಡಿದಂತೆ ಬಿಳಿ ಪುಡಿ ಇದೆ. ತೊಳೆಯಬೇಕೆ? ಎಷ್ಟು ಹೊತ್ತು ಕುದಿಸಬೇಕು?

ವಸುಧಾ, ಕ್ಯೋಟೊ:
ದಯವಿಟ್ಟು ತೊಳೆಯಬೇಡಿ! ಅದು ಬೂಷ್ಟಲ್ಲ, ಮ್ಯಾನಿಟಾಲ್ ಎಂಬ ಸಿಹಿ ಅಂಶ, ರುಚಿಗೆ ಬೇಕಾದದ್ದೇ. ಮರಳಿದ್ದರೆ ಒದ್ದೆ ಬಟ್ಟೆ ಹಿಂಡಿ ಒರೆಸಿ, ಸಾಕು.

ಕುದಿಸುವ ಮಾತೂ ಬೇಡ. ರಾತ್ರಿ ಒಂದು ಲೀಟರ್ ತಣ್ಣೀರಿಗೆ 10 ಗ್ರಾಂ ಕೊಂಬು ಹಾಕಿ ಫ್ರಿಜ್ಜಿನಲ್ಲಿಡಿ. ನಿಮ್ಮ ಕಡೆಯ ನೀರು ಕ್ಯೋಟೊದ್ದಕ್ಕಿಂತ ಗಡಸು, ಕೊಂಬು ಸಲೀಸಾಗಿ ರಸ ಬಿಡುವುದಿಲ್ಲ; ತುಸು ಕೈಬಿಚ್ಚಿಯೇ ಹಾಕಿ. ಬೆಳಿಗ್ಗೆ ಮುರುಟಿದ್ದ ತುಂಡು ಅಗಲವಾಗಿ ಹರಡಿಕೊಂಡು, ನೀರಿಗೆ ತೆಳು ಹಳದಿ ಬಣ್ಣ ಬಂದಿರುತ್ತದೆ. ಸಣ್ಣ ಉರಿಯಲ್ಲಿ ಕಾಯಿಸಿ, ತಳದಿಂದ ಗುಳ್ಳೆ ಏಳತೊಡಗಿದಾಗ ಕೊಂಬು ತೆಗೆಯಿರಿ. ಕುದಿಯಿತೋ, ಲೋಳೆ ಬಿಡುತ್ತದೆ, ಪಾಚಿಯ ವಾಸನೆ ಮೂಗಿಗೆ ಹೊಡೆಯುತ್ತದೆ.

ಬೇರೆ ಪಾತ್ರೆಯಲ್ಲಿ ಒಣ ಶಿಇತಾಕೆ ಅಣಬೆಯನ್ನೂ ತಣ್ಣೀರಿನಲ್ಲೇ ನೆನೆಸಿ. ಅದರ ನೀರನ್ನು ಸ್ವಲ್ಪವೇ ಬೆರೆಸಿ. ಹೆಚ್ಚಾದರೆ ಅಣಬೆಯದೇ ದರ್ಬಾರು. ಕೊಂಬಿನಲ್ಲಿರುವುದು ಗ್ಲುಟಮೇಟ್, 1908ರಲ್ಲಿ ಟೋಕಿಯೋದ ಪ್ರಾಧ್ಯಾಪಕ ಇಕೆದಾ ಕಿಕುನಾಎ ಉಮಾಮಿ ಎಂದು ಹೆಸರಿಟ್ಟದ್ದು ಅದರ ರುಚಿಗೆ. ಅಣಬೆಯಲ್ಲಿರುವುದು ಗ್ವಾನಿಲೇಟ್. ಎರಡೂ ಕೂಡಿದರೆ ರುಚಿ ಹಲವು ಪಟ್ಟು ಏರುತ್ತದೆ.

ಮೀನಿಲ್ಲದ್ದು ಅರೆಬರೆ ದಾಶಿ ಎನ್ನುವವರಿಗೆ ಕಿವಿಗೊಡಬೇಡಿ. ಇಲ್ಲಿನ ಝೆನ್ ಮಠಗಳ ಶೋಜಿನ್ ಎಂಬ ಸಸ್ಯಾಹಾರಿ ಅಡುಗೆ ನಿಂತಿರುವುದೇ ಇದರ ಮೇಲೆ. ಅಲ್ಲಿ ಈರುಳ್ಳಿ, ಬೆಳ್ಳುಳ್ಳಿಗೂ ಪ್ರವೇಶವಿಲ್ಲ.

ರಘು, ಯೊಕೊಹಾಮಾ:
ಮಠದ ಅಡುಗೆ ಸರಿ ಅಕ್ಕ, ಬೆಳಿಗ್ಗೆ ರೈಲು ಹಿಡಿಯುವವರ ಗತಿ? ಇಲ್ಲಿನ ಎಷ್ಟೋ ಮನೆಗಳಲ್ಲಿ ನಡೆಯುವುದು ಪುಡಿಯೇ. ನಾನು ಕರಾವಳಿಯವನು, ನನಗೆ ನಿಬೋಶಿ ಎಂಬ ಪುಟ್ಟ ಒಣಮೀನೇ ಇಷ್ಟ. ತಲೆ, ಹೊಟ್ಟೆಯ ಕಪ್ಪು ಭಾಗ ಚಿವುಟಿ ತೆಗೆದು ನೆನೆಸುತ್ತೇನೆ, ಇಲ್ಲದಿದ್ದರೆ ಕಹಿ.

ವಸುಧಾ, ಕ್ಯೋಟೊ:
ರಘು, ರಾತ್ರಿ ಕೊಂಬು ನೀರಿಗೆ ಹಾಕಲು ಅರ್ಧ ನಿಮಿಷವೂ ಬೇಡ. ರೈಲು ತಪ್ಪುವುದಿಲ್ಲ.

ಸುಮಾ, ಮಿಸೊ ಡಬ್ಬಿಯನ್ನೂ ನೋಡಿಕೊಳ್ಳಿ. "ದಾಶಿ ಇರಿ" ಎಂದಿದ್ದರೆ ದಾಶಿ ಮೊದಲೇ ಬೆರೆತಿದೆ, ಸಾಮಾನ್ಯವಾಗಿ ಮೀನಿನದೇ.

ಸುಮಾ, ಸೈತಾಮಾ:
ನೋಡಿದೆ, ಹಾಗೆಯೇ ಬರೆದಿದೆ! ಅದನ್ನು ಪಕ್ಕದ ಮನೆಯವರಿಗೆ ಕೊಡುತ್ತೇನೆ. ನೆನೆಸಿ ತೆಗೆದ ಕೊಂಬನ್ನು ಎಸೆಯುವುದೇ?

ವಸುಧಾ, ಕ್ಯೋಟೊ:
ಎಸೆಯುವುದೇಕೆ? ಸಣ್ಣಗೆ ಹೆಚ್ಚಿ, ಸೋಯಾ ಸಾಸ್, ಸಕ್ಕರೆ, ತುಸು ಮಿರಿನ್ (ಅಡುಗೆಯ ಸಿಹಿ ಅಕ್ಕಿ ಮದ್ಯ) ಹಾಕಿ ನೀರಿಂಗುವವರೆಗೆ ಬೇಯಿಸಿ. ತ್ಸುಕುದಾನಿ ಸಿದ್ಧ. ಬಿಸಿ ಅನ್ನದ ಜೊತೆ ಚೆನ್ನಾಗಿರುತ್ತದೆ, ಫ್ರಿಜ್ಜಿನಲ್ಲಿ ಕೆಲವು ದಿನ ಕೆಡುವುದಿಲ್ಲ.