ಟೂರ್ ಆಫ್ ನೀಲಗಿರೀಸ್: ಮೊದಲ ದಿನದಿಂದಲೇ ರೇಸ್ ಮಾಡಬೇಕಾ, ಕಲ್ಹಟ್ಟಿಗೆ ಕಾಲು ಉಳಿಸಿಕೊಳ್ಳಬೇಕಾ?

ನಂಜನಗೂಡು ರೋಡ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನೀಲಗಿರಿ ಕಡೆ ವಾರಪೂರ್ತಿ ನಡೆಯುವ ಸೈಕಲ್ ಸವಾರಿ, ಈ ಡಿಸೆಂಬರ್‌ನ ಟೂರ್ ಆಫ್ ನೀಲಗಿರೀಸ್‌ಗೆ ಹೆಸರು ಕೊಟ್ಟಿದ್ದೇನೆ. ಮೈಸೂರಿನವನೇ, ವಯಸ್ಸು 38, ತೂಕ 74 ಕೆ.ಜಿ. ಭಾನುವಾರ ಗುಂಡ್ಲುಪೇಟೆ ಕಡೆ ನೂರು, ನೂರಿಪ್ಪತ್ತು ಕಿಲೋಮೀಟರ್ ಹೊಡೆಯುತ್ತೇನೆ. ವಾರದ ಮಧ್ಯೆ ಬೆಳಗ್ಗೆ ಬೇಗ ಎದ್ದು ಚಾಮುಂಡಿ ಬೆಟ್ಟ ಎರಡು ಮೂರು ಸಲ ಹತ್ತಿ ಇಳಿಯುತ್ತೇನೆ. ಇದುವರೆಗೆ ಮಾಡಿದ್ದೆಲ್ಲ ಒಂದು ದಿನದ ರೈಡ್‌ಗಳೇ. ಇವತ್ತು ನೂರಿಪ್ಪತ್ತು, ನಾಳೆ ಎದ್ದು ಮತ್ತೆ ಅಷ್ಟೇ, ನಾಡಿದ್ದು ಮತ್ತೆ, ಹೀಗೆ ವಾರಪೂರ್ತಿ ತುಳಿದು ಅಭ್ಯಾಸ ಇಲ್ಲ.

ಸುಮ್ನೆ ಮುಗಿಸಿ ಬರೋಣ ಅನ್ನುವುದಾದರೆ ಇಷ್ಟು ಕೇಳುತ್ತಿರಲಿಲ್ಲ. ದಾರಿ ನಡುವೆ ಟೈಮ್ ತೆಗೆಯುವ ತುಂಡುಗಳಲ್ಲಿ, ಅಂದರೆ ಕಾಂಪಿಟಿಟಿವ್ ಸೆಗ್ಮೆಂಟ್‌ಗಳಲ್ಲಿ, ನನ್ನ ವಯಸ್ಸಿನವರ ಜತೆ ನಿಜವಾಗಿಯೂ ಸ್ಪರ್ಧೆ ಮಾಡಬೇಕು ಅಂತ ಆಸೆ ಇದೆ. ಒಬ್ಬ ಸ್ನೇಹಿತರು ಮೊದಲ ದಿನವೇ ಪೂರ್ತಿ ಕೊಡಿ, ಹಿಂದೆ ಬಿದ್ದರೆ ಮತ್ತೆ ಸಿಗಲ್ಲ ಅಂತಾರೆ. ಇನ್ನೊಬ್ಬರು ಊಟಿಗೆ ಹತ್ತುವ ಕಲ್ಹಟ್ಟಿ ಘಾಟಿ ಬರುವವರೆಗೂ ತೆಪ್ಪಗಿರಿ ಅಂತಾರೆ. ಯಾವುದು ಸರಿ?

ಸೈಕಲ್‌ನ ಗೇರ್ ಸೆಟ್ ಶಿಮಾನೋ ಟಿಯಾಗ್ರಾ, ಹಲ್ಲುಚಕ್ರಗಳು ಮುಂದೆ 50/34 ಹಲ್ಲು, ಹಿಂದೆ 11-28. ಒಂದು ಗಂಟೆ ತಡೆಯುವ ಪವರ್ 210 ವಾಟ್ ಆಸುಪಾಸು. ಊಟ ಪೂರ್ತಿ ಸಸ್ಯಾಹಾರ, ಎನರ್ಜಿ ಜೆಲ್ ತಿಂದರೆ ಹೊಟ್ಟೆ ತೊಳಸುತ್ತದೆ. ಅದಕ್ಕೂ ದಾರಿ ಹೇಳಿ.

ಮೂವತ್ತಾರು ತಿರುವು

ನಿಮ್ಮ ಎರಡನೇ ಸ್ನೇಹಿತರ ಮಾತು ಮುಕ್ಕಾಲು ಪಾಲು ಸರಿ. ಯಾಕೆ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ, ಆಮೇಲೆ ನೀವೇ ತೀರ್ಮಾನ ಮಾಡಿ.

2008ರಲ್ಲಿ ಶುರುವಾದಾಗಿನಿಂದ ಇದು ಹೆಸರಿಗೆ ತಕ್ಕಂತೆ ಟೂರ್. ಗಡಿಯಾರ ಓಡುವುದು ಸೆಗ್ಮೆಂಟ್ ಒಳಗೆ ಮಾತ್ರ. ಉಳಿದ ನೂರು ಚಿಲ್ಲರೆ ಕಿಲೋಮೀಟರ್ ನೀವು ಎಷ್ಟು ಹೊತ್ತಿನಲ್ಲಿ ಮುಗಿಸಿದಿರಿ ಅಂತ ಯಾರೂ ಬರೆದುಕೊಳ್ಳುವುದಿಲ್ಲ. ಆದರೂ ಪ್ರತಿ ವರ್ಷ ಜನ ಅಲ್ಲೇ ಕಾಲು ಕಳೆದುಕೊಳ್ಳುತ್ತಾರೆ. ಬೆಳಗ್ಗೆ ತಂಪು, ರಸ್ತೆ ಖಾಲಿ, ಪಕ್ಕದಲ್ಲಿ ಯಾರೋ 36ರ ವೇಗದಲ್ಲಿ ಹೋದರು ಅಂತ ಇವರೂ ಬೆನ್ನು ಹತ್ತುತ್ತಾರೆ. ಸೆಗ್ಮೆಂಟ್ ಶುರುವಾಗುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ.

ಈಗ ಲೆಕ್ಕ. ನಿಮ್ಮ ತೂಕ, ಸೈಕಲ್, ನೀರಿನ ಬಾಟಲಿ ಸೇರಿ 84 ಕೆ.ಜಿ. ಅಂತ ಇಟ್ಟುಕೊಳ್ಳಿ. ಸಮತಟ್ಟು ರಸ್ತೆಯ 10 ಕಿಲೋಮೀಟರ್ ಸೆಗ್ಮೆಂಟ್‌ನಲ್ಲಿ 170 ವಾಟ್ ಬದಲು 190 ವಾಟ್ ತುಳಿದರೆ ಉಳಿಯುವುದು ಒಂದು ನಿಮಿಷಕ್ಕಿಂತ ಕಡಿಮೆ, ಯಾಕಂದರೆ ಹೆಚ್ಚಿನ ಶಕ್ತಿಯೆಲ್ಲ ಗಾಳಿ ಸೀಳುವುದಕ್ಕೇ ಹೋಗುತ್ತದೆ. ಕಲ್ಹಟ್ಟಿ ಏರು ಸುಮಾರು 12 ಕಿಲೋಮೀಟರ್, 36 ಹೇರ್‌ಪಿನ್, ಸರಾಸರಿ 9ರಿಂದ 10 ಪರ್ಸೆಂಟ್. ಅಲ್ಲಿ ಅದೇ 20 ವಾಟ್ ವ್ಯತ್ಯಾಸಕ್ಕೆ ಹತ್ತು ನಿಮಿಷ ಸಿಗುತ್ತದೆ! ಅಷ್ಟು ನಿಧಾನ ಹೋಗುವಾಗ ಗಾಳಿ ಲೆಕ್ಕಕ್ಕೇ ಇಲ್ಲ, ನಿಮ್ಮ ಎದುರಾಳಿ ಭೂಮಿಯ ಸೆಳೆತ ಮಾತ್ರ. ಎಲ್ಲ ದಿನದ ಟೈಮ್ ಕೂಡಿಸಿ ನೋಡುವಾಗ ಆ ಒಂದು ಬೆಳಗ್ಗೆ ತೀರ್ಮಾನ ಮಾಡುವಷ್ಟನ್ನು ಬೇರೆ ಯಾವ ದಿನವೂ ಮಾಡುವುದಿಲ್ಲ.

ಗೇರ್ ಬಗ್ಗೆ. 34/28ರಲ್ಲಿ ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಗಂಟೆಗೆ 9 ಕಿಲೋಮೀಟರ್ ಚಿಲ್ಲರೆ. 10 ಪರ್ಸೆಂಟ್ ಏರಿನಲ್ಲಿ ಅದಕ್ಕೆ ನಿಮಗೆ 225 ವಾಟ್ ಮೇಲೆ ಬೇಕು. ನಿಮ್ಮ ಗಂಟೆಯ ಪವರ್ 210. ಅಂದರೆ ನಿಧಾನ ತುಳಿದರೂ ನೀವು ಮಿತಿ ದಾಟಿರುತ್ತೀರಿ, ಇಲ್ಲವಾದರೆ 50 ಸುತ್ತಿಗೆ ಇಳಿದು ಮಂಡಿ ಮೇಲೆ ಭಾರ ಹಾಕುತ್ತೀರಿ. ಹಿಂದೆ 34 ಹಲ್ಲಿನದು ಹಾಕಿಸಿದರೆ ಅದೇ 60 ಸುತ್ತಿಗೆ 190 ವಾಟ್ ಸಾಕು. ಅಲ್ಲಲ್ಲಿ ಏರು ಇನ್ನೂ ಕಡಿದಾಗುತ್ತದೆ, ಸೀಟಿನಿಂದ ಎದ್ದು ನಿಂತು ತುಳಿಯಲು ಅಷ್ಟಾದರೂ ಶಕ್ತಿ ಕೈಯಲ್ಲಿರಬೇಕು. ದಯವಿಟ್ಟು ಬದಲಾಯಿಸಿಬಿಡಿ.

ವಿಜಯಪುರದ ರೋಡಿ

ಮೇಲಿನ ಸರ್ ಲೆಕ್ಕ ಒಪ್ಪುತ್ತೇನೆ, ತೀರ್ಮಾನ ಪೂರ್ತಿ ಒಪ್ಪಲ್ಲ. ನಮ್ಮ ಕಡೆ ಹುಡುಗರು ಸಣ್ಣ ವಯಸ್ಸಿನಿಂದ ಬಯಲು ರಸ್ತೆಯಲ್ಲಿ, ಎದುರು ಗಾಳಿಯಲ್ಲಿ ರೇಸ್ ಮಾಡಿ ಬೆಳೆಯುತ್ತಾರೆ. ಅಲ್ಲಿ ಕಲಿಯುವ ಮೊದಲ ಪಾಠ ಗುಂಪಿನಲ್ಲಿ ಕೂರುವುದು. ಮುಂದಿನವರ ಚಕ್ರದ ಹಿಂದೆ ಸರಿಯಾಗಿ ಕೂತರೆ ಕಾಲು ಭಾಗಕ್ಕಿಂತ ಜಾಸ್ತಿ ಶ್ರಮ ಉಳಿಯುತ್ತದೆ. ಸಮತಟ್ಟು ಸೆಗ್ಮೆಂಟ್‌ನಲ್ಲಿ 20 ವಾಟ್ ಜಾಸ್ತಿ ಹಾಕಿದರೆ ನಿಮಿಷವೂ ಸಿಗಲ್ಲ ಅನ್ನುವುದು ಒಬ್ಬರೇ ಹೋಗುವವರ ಲೆಕ್ಕ. ಒಳ್ಳೆ ಗುಂಪು ತಪ್ಪಿಸಿಕೊಂಡರೆ ಮೂರು ನಾಲ್ಕು ನಿಮಿಷ ಹೋಗುತ್ತದೆ, ಅದೂ ಒಬ್ಬರೇ ಗಾಳಿಗೆ ಎದೆ ಕೊಟ್ಟು ಸುಸ್ತಾಗಿ.

ಹಾಗಾಗಿ ಮೊದಲ ದಿನ ತೆಪ್ಪಗಿರಬೇಡಿ. ಸೆಗ್ಮೆಂಟ್ ಶುರುವಾಗುವ ಜಾಗಕ್ಕೆ ಮುಂದಿನ ಇಪ್ಪತ್ತು ಜನರಲ್ಲಿ ಇರಿ. ಮೊದಲ ಎರಡು ನಿಮಿಷ ನೋವಾದರೂ ತಡೆದುಕೊಳ್ಳಿ, ಗುಂಪು ಒಡೆಯುವುದು ಅಲ್ಲೇ. ಆಮೇಲೆ ಯಾರ ಹಿಂದಾದರೂ ಕೂತು ಉಸಿರು ತೆಗೆದುಕೊಳ್ಳಿ. ನಿಮ್ಮ ಸರದಿ ಬಂದಾಗ ಮುಂದೆ ಹೋಗಿ ಅರ್ಧ ನಿಮಿಷ ಎಳೆದು ಪಕ್ಕಕ್ಕೆ ಸರಿಯಿರಿ. ಒಮ್ಮೆಯೂ ಎಳೆಯದೆ ಕೊನೆಗೆ ಸ್ಪ್ರಿಂಟ್ ಹೊಡೆಯುವವರನ್ನು ಮಾರನೇ ದಿನ ಯಾರೂ ಗುಂಪಿಗೆ ಸೇರಿಸಲ್ಲ. ಇದು ಒಂದು ದಿನದ ರೇಸ್ ಅಲ್ಲ, ಅದೇ ಮುಖಗಳ ಜತೆ ವಾರಪೂರ್ತಿ ಇರಬೇಕು.

ಗುಂಪಿನಲ್ಲಿ ತುಳಿದು ಅಭ್ಯಾಸ ಇಲ್ಲದಿದ್ದರೆ ಈಗಲೇ ಮೈಸೂರಿನ ಯಾವುದಾದರೂ ಕ್ಲಬ್ ಜತೆ ಹೋಗಿ ಕಲಿಯಿರಿ. ಗುಂಡಿ ಕಂಡರೆ ಕೈ ತೋರಿಸುವುದು, ಇದ್ದಕ್ಕಿದ್ದಂತೆ ಬ್ರೇಕ್ ಹಿಡಿಯದೇ ಇರುವುದು, ಮುಂದಿನವರ ಹಿಂಚಕ್ರಕ್ಕೆ ನಮ್ಮ ಮುಂಚಕ್ರ ಜೋಡಿ ಬರದಂತೆ ನೋಡಿಕೊಳ್ಳುವುದು. ಇದು ಗೊತ್ತಿಲ್ಲದವರು ಬೀಳುವುದಷ್ಟೇ ಅಲ್ಲ, ಹಿಂದಿನ ಐದು ಜನರನ್ನೂ ಬೀಳಿಸುತ್ತಾರೆ.

ಹಾಸನದ ಫಿಸಿಯೋ

ಇಬ್ಬರೂ ಸೈಕಲ್ ಮೇಲಿನ ಮಾತು ಆಡಿದ್ದೀರಿ. ಮೂರನೇ ದಿನದಿಂದ ಆಚೆ ರೇಸ್ ನಡೆಯುವುದು ತಟ್ಟೆಯಲ್ಲಿ ಮತ್ತು ಹಾಸಿಗೆಯಲ್ಲಿ. ಇದನ್ನು ನಾನು ತುಂಬಾ ಗಂಭೀರವಾಗಿ ಹೇಳುತ್ತಿದ್ದೇನೆ ಅಣ್ಣ.

ಕಾಲಿನ ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಕಾರ್ಬೋಹೈಡ್ರೇಟ್ ದಾಸ್ತಾನು, ಒಂದು ದೊಡ್ಡ ದಿನದಲ್ಲಿ ಬಹುಪಾಲು ಖಾಲಿ ಆಗುತ್ತದೆ. ಪೂರ್ತಿ ತುಂಬಲು ಇಡೀ ದಿನ ಬೇಕು, ನಿಮಗೆ ಸಿಗುವುದು ಮಧ್ಯಾಹ್ನದಿಂದ ಮಾರನೇ ಬೆಳಗ್ಗೆವರೆಗೆ. ಅದಕ್ಕೇ ಸೈಕಲ್ ಮೇಲೆ ಇರುವಾಗಲೇ ಗಂಟೆಗೆ ಕಡಿಮೆ ಅಂದರೂ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು. ಅಭ್ಯಾಸ ಇದ್ದರೆ 80, 90 ಕೂಡ ಆಗುತ್ತದೆ. ಹಸಿವಾದ ಮೇಲೆ ತಿನ್ನೋಣ ಅಂದರೆ ಅಷ್ಟೊತ್ತಿಗೆ ತಡವಾಗಿರುತ್ತದೆ.

ಜೆಲ್ ಬೇಡವಾದರೆ ಬಿಡಿ. ಒಂದು ಸಾಧಾರಣ ಬಾಳೆಹಣ್ಣಿನಲ್ಲಿ 25 ಗ್ರಾಂ ಸಿಗುತ್ತದೆ. ಒಂದು ಲೀಟರ್ ನೀರಿಗೆ 60 ಗ್ರಾಂ ಸಕ್ಕರೆ, ಒಂದು ಚಿಟಿಕೆ ಉಪ್ಪು, ನಿಂಬೆರಸ ಹಾಕಿದರೆ ಅಂಗಡಿಯ ಪುಡಿ ಮಾಡುವ ಕೆಲಸವನ್ನೇ ಮಾಡುತ್ತದೆ. ಬೇಯಿಸಿದ ಸಣ್ಣ ಆಲೂಗಡ್ಡೆಗೆ ಉಪ್ಪು ಸವರಿ ಜೇಬಿನಲ್ಲಿ ಇಟ್ಟುಕೊಳ್ಳಿ, ಸಿಹಿ ತಿಂದು ತಿಂದು ಬಾಯಿ ಕೆಟ್ಟಾಗ ಅದೇ ಅಮೃತ. ಕಡಲೆಕಾಯಿ ಚಿಕ್ಕಿ ರುಚಿಗೆ ಚೆನ್ನ, ಆದರೆ ಎಣ್ಣೆ ಅಂಶ ಜಾಸ್ತಿ, ಏರಿನ ಮುಂಚೆ ಬೇಡ. ಇದನ್ನೆಲ್ಲ ಈಗಿನ ಭಾನುವಾರದ ರೈಡ್‌ಗಳಲ್ಲೇ ತಿಂದು ನೋಡಿ. ಹೊಟ್ಟೆಗೂ ತರಬೇತಿ ಬೇಕು.

ರೈಡ್ ಮುಗಿದ ಅರ್ಧ ಗಂಟೆಯೊಳಗೆ ಏನಾದರೂ ತಿನ್ನಿ, ಸ್ನಾನ, ಫೋಟೋ ಎಲ್ಲ ಆಮೇಲೆ. ಅನ್ನ, ಸಾರು, ಮೊಸರು, ಜತೆಗೆ ಬೇಳೆ ಅಥವಾ ಪನೀರ್ ಇದ್ದರೆ ಬೇರೇನೂ ಬೇಡ. ರಾತ್ರಿ ಒಂಬತ್ತಕ್ಕೆ ಮಲಗಿ.

ಇನ್ನೊಂದು ವಿಷಯ ಯಾರೂ ಬಾಯಿಬಿಟ್ಟು ಹೇಳಲ್ಲ, ನಾನು ಹೇಳುತ್ತೇನೆ. ಜನ ಈ ಟೂರ್ ಅರ್ಧಕ್ಕೆ ಬಿಡುವುದಕ್ಕೆ ಕೂರುವ ಜಾಗದ ಹುಣ್ಣೂ ಒಂದು ಕಾರಣ. ದಿನಕ್ಕೊಂದು ಒಗೆದು ಒಣಗಿದ ಶಾರ್ಟ್ಸ್ ಬೇಕು. ಒದ್ದೆ ಇರುವುದನ್ನು ಮತ್ತೆ ಹಾಕಲೇಬೇಡಿ. ಉಜ್ಜಿ ಹುಣ್ಣಾಗದಂತೆ ತಡೆಯುವ ಕ್ರೀಮ್ ಮೊದಲ ದಿನದಿಂದಲೇ ಹಚ್ಚಿ. ಮುಗಿದ ತಕ್ಷಣ ಶಾರ್ಟ್ಸ್ ಬಿಚ್ಚಿ ತೊಳೆದುಕೊಳ್ಳಿ. ಹೆಣ್ಣುಮಕ್ಕಳು ಯಾರಾದರೂ ಓದುತ್ತಿದ್ದರೆ, ಸೀಟಿನ ಅಗಲ, ಮಧ್ಯದ ಕಟ್-ಔಟ್ ಇವನ್ನು ಒಂದೆರಡು ತಿಂಗಳು ಮುಂಚೆಯೇ ಸರಿ ಮಾಡಿಸಿಕೊಳ್ಳಿ, ನೋವು ಸಹಜ ಅಂತ ಸುಮ್ಮನಿರಬೇಡಿ.

ಮ್ಯೂನಿಕ್ ಕನ್ನಡಿಗ

ಇಲ್ಲಿ ಆಲ್ಪ್ಸ್‌ನಲ್ಲಿ ಓ ರೂಟ್ ಅಂತ ಹವ್ಯಾಸಿಗಳ ಹಲವು ದಿನದ ರೇಸ್ ನಡೆಯುತ್ತದೆ. 2011ರಲ್ಲಿ ಜಿನೀವಾದಿಂದ ನೀಸ್‌ವರೆಗೆ ಮೊದಲ ಸಲ ಮಾಡಿದರು. ನಾನು ಸವಾರಿ ಮಾಡಿದ್ದೇನೆ. 2,642 ಮೀಟರ್ ಎತ್ತರದ ಗಾಲಿಬಿಯೆ, 21 ತಿರುವಿನ ಆಲ್ಪ್ ದ್ಯುವೆಜ್ ಎಲ್ಲ ಆ ಕಡೆಯವೇ. ಆಲ್ಪ್ ದ್ಯುವೆಜ್ 13.8 ಕಿಲೋಮೀಟರ್, ಸರಾಸರಿ 8 ಪರ್ಸೆಂಟ್ ಚಿಲ್ಲರೆ. ಅಂದರೆ ಜಗತ್ತಿಗೆಲ್ಲ ಹೆಸರಾದ ಆ ಏರಿಗಿಂತ ನಮ್ಮ ಕಲ್ಹಟ್ಟಿ ಕಡಿದು. ಇದನ್ನು ಇಲ್ಲಿಯವರಿಗೆ ಹೇಳಿದಾಗ ನಂಬಲ್ಲ!

ಒಂದೇ ಮಾತು ಸೇರಿಸುತ್ತೇನೆ. ಮೂರು ನಾಲ್ಕನೇ ದಿನಕ್ಕೆ ಹಾರ್ಟ್ ರೇಟ್ ನೋಡಿ ತುಳಿಯುವುದನ್ನು ನಿಲ್ಲಿಸಿ. ದಣಿವು ಸೇರಿದ ಮೇಲೆ ಎಷ್ಟೇ ತುಳಿದರೂ ಹೃದಯದ ಬಡಿತ ಮೇಲೆ ಏರುವುದಿಲ್ಲ. 165 ಬರಬೇಕಾದ ಕಡೆ 150ಕ್ಕೇ ನಿಂತುಬಿಡುತ್ತದೆ. ಇನ್ನೂ ಶಕ್ತಿ ಇದೆ ಅಂದುಕೊಂಡು ಜನ ಜಾಸ್ತಿ ತುಳಿಯುತ್ತಾರೆ, ಅರ್ಧ ಏರಿಗೆ ಮುಗಿದುಹೋಗುತ್ತಾರೆ. ಪವರ್ ಮೀಟರ್ ಇದ್ದರೆ ಅದನ್ನು ನಂಬಿ, ಇಲ್ಲದಿದ್ದರೆ ಉಸಿರನ್ನು ನಂಬಿ. ಪಕ್ಕದವರ ಜತೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದೆಯಾ ಅಂತ ನೋಡಿ. ಕಲ್ಹಟ್ಟಿಯ ಮೊದಲ ಹತ್ತು ತಿರುವು ಹಾಗೆ ಹತ್ತಿ.

ನಂಜನಗೂಡು ರೋಡ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೀಗೆ ಅರ್ಥ ಮಾಡಿಕೊಂಡೆ: ಸೆಗ್ಮೆಂಟ್ ಹೊರಗೆ ಆರಾಮು, ಸಮತಟ್ಟಿನಲ್ಲಿ ಗುಂಪು ಬಿಡಬಾರದು, ಕಲ್ಹಟ್ಟಿಯಲ್ಲಿ ಪೂರ್ತಿ ಕೊಡಬೇಕು. ಫಿಸಿಯೋ ಅಕ್ಕ ಹೇಳಿದ ಆಲೂಗಡ್ಡೆ ಈ ಭಾನುವಾರವೇ ಶುರು. ಎರಡು ಅನುಮಾನ ಉಳಿದಿವೆ. 11-34 ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಸೆಟ್) ತಂದು ಹಾಕಿಸಿದರೆ ಸಾಕಾ? ಮತ್ತೆ ಬಂಡೀಪುರದ ಒಳಗೆ ಗುಂಪಿನಲ್ಲಿ ಹೋಗುವಾಗ ಏನು ಎಚ್ಚರ ಬೇಕು?

ಮೂವತ್ತಾರು ತಿರುವು

ಕಾಡಿನ ವಿಷಯ ಮೊದಲು. ಬಂಡೀಪುರ ಮುಗಿದರೆ ಮುದುಮಲೈ, ಎರಡೂ ಹುಲಿ ಸಂರಕ್ಷಿತ ಪ್ರದೇಶ. ಆಯೋಜಕರು ಯಾವಾಗ ಬಿಡುತ್ತಾರೋ ಆವಾಗಲೇ ಹೊರಡಿ, ಗುಂಪು ಬಿಟ್ಟು ಮುಂದೆ ಹೋಗಬೇಡಿ, ಎಲ್ಲೂ ಇಳಿಯಬೇಡಿ. ಆನೆ ರಸ್ತೆ ಬದಿ ಕಂಡರೆ ದೂರದಲ್ಲೇ ನಿಂತು ಬೆಂಗಾವಲು ಗಾಡಿ ಬರುವವರೆಗೆ ಕಾಯಿರಿ. ಸೈಕಲ್ ಸದ್ದಿಲ್ಲದೆ ಬರುವುದರಿಂದ ಪ್ರಾಣಿಗಳು ಬೆಚ್ಚುವುದು ಜಾಸ್ತಿ. ಹಂಪ್‌ಗಳು ಸಾಲಾಗಿವೆ, ಹಿಂದಿನವರಿಗೆ ಕೂಗಿ ಹೇಳಿ. ಊಟಿಯಲ್ಲಿ ಡಿಸೆಂಬರ್ ಬೆಳಗ್ಗೆ ಕೈ ಮರಗಟ್ಟುವಷ್ಟು ಚಳಿ, ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲು ಬೆರಳು ಬಗ್ಗಲ್ಲ. ಪೂರ್ತಿ ಬೆರಳಿನ ಗ್ಲೌಸ್, ಎದೆ ಮೇಲೆ ಜೆರ್ಸಿ ಒಳಗೆ ಒಂದು ನ್ಯೂಸ್‌ಪೇಪರ್ ಹಾಳೆ. ನಿಮ್ಮದು ರಿಮ್ ಬ್ರೇಕ್ ಆದರೆ ಬ್ರೇಕ್ ಒತ್ತಿ ಹಿಡಿದೇ ಇಳಿಯಬೇಡಿ, ರಿಮ್ ಕಾದು ಟ್ಯೂಬ್ ಸಿಡಿಯಬಹುದು. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು, ಬಿಟ್ಟು, ತಿರುಗಿಸಿ.

ಕ್ಯಾಸೆಟ್ ಮಾತ್ರ ಸಾಲದು. 28ರ ಜತೆ ಬರುವ ಗಿಡ್ಡ ಕೇಜಿನ ಆರ್‌ಡಿ (ರಿಯರ್ ಡಿರೇಲರ್, ಹಿಂದಿನ ಗೇರ್ ಬದಲಿಸುವ ಭಾಗ) ಸಾಮಾನ್ಯವಾಗಿ 34 ಹಲ್ಲು ತಾಳುವುದಿಲ್ಲ. ಉದ್ದ ಕೇಜಿನದು ಬೇಕು, ಚೈನ್ ಕೂಡ ಉದ್ದ ನೋಡಿ ಹೊಸದು ಹಾಕಿಸಿ. ನವೆಂಬರ್ ಶುರುವಿನಲ್ಲೇ ಈ ಕೆಲಸ ಮುಗಿಸಿ, ಅದರಲ್ಲೇ ಒಂದು ತಿಂಗಳು ಚಾಮುಂಡಿ ಹತ್ತಿ. ಟೂರ್ ಹಿಂದಿನ ವಾರ ಅಂಗಡಿಗೆ ಹೋದರೆ ಎಲ್ಲರೂ ಅದೇ ಕೆಲಸಕ್ಕೆ ಸಾಲು ನಿಂತಿರುತ್ತಾರೆ.