‘ನಕಲಾಗು’, ‘ನಕಲಿಸು’: ಕಾಪಿ ಮತ್ತು ಕ್ಲೋನ್‌ಗೆ ಕನ್ನಡದಲ್ಲಿ ಏನೆನ್ನೋಣ?

ನಮಸ್ಕಾರ. ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪಾಠವನ್ನು ಕನ್ನಡದಲ್ಲಿ ಬರೆಯುವಾಗ ‘ಕಾಪಿ’, ‘ಕ್ಲೋನ್’ ಎರಡಕ್ಕೂ ‘ನಕಲು’ ಎಂದೇ ಬರೆದರೆ ಪಾಠದ ತಿರುಳೇ ತಪ್ಪಿಹೋಗುತ್ತದೆ.

‘ಬ = ಅ’ ಎಂಬ ಸಾಲನ್ನು ನೋಡಿ. ಅ 32 ಬಿಟ್ ಪೂರ್ಣಾಂಕವಾದರೆ ಅದರ 4 ಬೈಟ್‌ಗಳು ಸದ್ದಿಲ್ಲದೆ ನಕಲಾಗುತ್ತವೆ. ಮುಂದೆ ಎರಡನ್ನೂ ಬಳಸಬಹುದು. ಅ ಸ್ಟ್ರಿಂಗ್ (ಅಕ್ಷರಗಳ ಸಾಲು) ಆದರೆ ಕತೆಯೇ ಬೇರೆ. 64 ಬಿಟ್ ಯಂತ್ರದಲ್ಲಿ ವಿಳಾಸ, ಉದ್ದ, ಸಾಮರ್ಥ್ಯ ಸೇರಿ 24 ಬೈಟ್ ಮಾತ್ರ ಬ-ಗೆ ಹೋಗುತ್ತದೆ, ಹೀಪ್‌ನಲ್ಲಿರುವ (ಪ್ರೋಗ್ರಾಂ ಓಡುವಾಗ ಬೇಕಾದಷ್ಟು ಜಾಗ ಪಡೆಯುವ ಮೆಮೊರಿ ಭಾಗ) ಅಕ್ಷರಗಳು ಇದ್ದಲ್ಲೇ ಇರುತ್ತವೆ, ಒಡೆತನ (ಆ ಜಾಗವನ್ನು ಕೊನೆಗೆ ಬಿಡುಗಡೆ ಮಾಡುವ ಹೊಣೆ) ಕೈ ಬದಲಾಯಿಸುತ್ತದೆ. ಆಮೇಲೆ ಅ ಬಳಸಿದರೆ ಕಂಪೈಲರ್ ಇ0382 ದೋಷ ತೋರಿಸುತ್ತದೆ. ಇನ್ನೊಂದು ಸ್ಟ್ರಿಂಗ್ ಬೇಕೇಬೇಕೆಂದರೆ ‘ಅ.ಕ್ಲೋನ್()’ ಎಂದು ಬರೆಯಬೇಕು. ಅಕ್ಷರಗಳಿಗೆ ಹೊಸ ಜಾಗ ಪಡೆಯುವ ಖರ್ಚು ಆ ಸಾಲಿನಲ್ಲೇ ಕಣ್ಣಿಗೆ ಬೀಳುತ್ತದೆ. (ಒಡೆತನ ಹೀಗೆ ಕೈ ಬದಲಾಯಿಸುವ ‘ಮೂವ್‌’ಗೆ ‘ಸಾಗಣೆ’ ಒಗ್ಗದಿರುವುದೂ ಇದಕ್ಕೇ: ಅಕ್ಷರಗಳು ಸಾಗುವುದೇ ಇಲ್ಲ. ‘ಹಸ್ತಾಂತರ’ ಸರಿ.)

ಈ ವ್ಯತ್ಯಾಸ ನಮ್ಮ ಕ್ರಿಯಾಪದದಲ್ಲೇ ಇದೆ. ‘ನಕಲಾಗು’ ಅಕರ್ಮಕ, ತಾನಾಗಿ ನಡೆಯುವಂಥದ್ದು. ‘ನಕಲಿಸು’ ಸಕರ್ಮಕ, ಮಾಡುವವರು ಒಬ್ಬರಿರಬೇಕು. ಹಾಗಾಗಿ ಕಾಪಿ ಇರುವುದು ‘ತಾನೇ ನಕಲಾಗುವ ಪ್ರಕಾರ’ (ಪ್ರಕಾರವೆಂದರೆ ಟೈಪ್, ಮೌಲ್ಯದ ಬಗೆ), ಕ್ಲೋನ್ ಮಾತ್ರ ಇರುವುದು ‘ನಕಲಿಸಬಹುದಾದ ಪ್ರಕಾರ’ ಎಂದರೆ ಹೊಸ ಪದ ಕಟ್ಟುವ ಅಗತ್ಯವೇ ಇಲ್ಲ.

‘ಪ್ರತಿ’ ಚೆಲುವಾದ ಪದ, ಆದರೆ ನಾಮಪದಕ್ಕಿಂತ ಮೊದಲು ಬಂದರೆ ಮೋಸಮಾಡುತ್ತದೆ. ‘ಪ್ರತಿ ಮೌಲ್ಯವನ್ನು ಕಳುಹಿಸಿ’ ಎಂದರೆ ಒಂದೊಂದು ಮೌಲ್ಯವನ್ನೂ ಎಂದೇ ಓದುಗರು ತಿಳಿಯುತ್ತಾರೆ. ‘ಮೌಲ್ಯದ ಪ್ರತಿ’ ಎಂದು ಬಿಡಿಸಿ ಬರೆದರೆ ತೊಂದರೆಯಿಲ್ಲ.

ಇಂಪ್ಲಿಸಿಟ್‌ಗೆ (ಕೋಡಿನಲ್ಲಿ ಬರೆಯದೆಯೇ ಆಗುವುದಕ್ಕೆ) ‘ಸೂಚ್ಯ’ ನನಗೆ ಒಪ್ಪಿಗೆಯಿಲ್ಲ. ಸೂಚ್ಯವೆಂದರೆ ಸುಳಿವಾದರೂ ಇರಬೇಕು. 4096 ಬೈಟ್‌ಗಳ ಅರೇಯೂ (ಒಂದೇ ಬಗೆಯ ಮೌಲ್ಯಗಳ ಸಾಲು) ಕಾಪಿ ಪ್ರಕಾರವೇ. ಅದನ್ನು ಫಂಕ್ಷನ್ನಿಗೆ ಕೊಟ್ಟಾಗ, ಆಪ್ಟಿಮೈಸರ್ ತಪ್ಪಿಸದಿದ್ದರೆ, ಅಷ್ಟೂ ಬೈಟ್ ನಕಲಾಗುತ್ತದೆ. ಆ ಸಾಲಿನಲ್ಲಿ ಒಂದು ಚುಕ್ಕೆಯಷ್ಟೂ ಗುರುತಿರುವುದಿಲ್ಲ, ಗುರುತು ಇರುವುದು ಪ್ರಕಾರದಲ್ಲಿ. ‘ಹೇಳದೆ ಆಗುವ ನಕಲು’, ‘ಹೇಳಿ ಮಾಡಿಸುವ ನಕಲು’ ಎಂಬ ಜೋಡಿ ಉದ್ದವಾದರೂ ಸುಳ್ಳು ಹೇಳುವುದಿಲ್ಲ. ಡ್ರಾಪ್ (ಮೌಲ್ಯದ ಆಯುಷ್ಯ ಮುಗಿದಾಗ ಸಂಪನ್ಮೂಲ ಬಿಡುಗಡೆ ಮಾಡುವ ಕೋಡ್) ಇರುವ ಪ್ರಕಾರಕ್ಕೆ ಕಾಪಿ ಕೊಡಲು ಭಾಷೆ ಏಕೆ ಬಿಡುವುದಿಲ್ಲ ಎಂಬುದನ್ನೂ ಇದೇ ಮಾತಿನಲ್ಲಿ ವಿವರಿಸಬಹುದು: ಹೇಳದೆ ನಕಲಾದರೆ ಒಂದೇ ಸಂಪನ್ಮೂಲವನ್ನು ಇಬ್ಬರು ಒಡೆಯರು ಎರಡು ಸಲ ಬಿಡುಗಡೆ ಮಾಡಿಬಿಡುತ್ತಾರೆ.

ಕ್ಲೋನ್‌ಗೆ ಜೀವವಿಜ್ಞಾನದ ‘ತದ್ರೂಪಿ’ಯನ್ನು ತರಬಹುದೇ? ಸ್ಟ್ರಿಂಗ್‌ಗೆ ಹೊಂದುತ್ತದೆ. ಆದರೆ ‘ಆರ್‌ಸಿ’ಯನ್ನು (ಒಂದೇ ಮೌಲ್ಯಕ್ಕೆ ಹಲವು ಒಡೆಯರಿರಲು ಬಿಟ್ಟು ಅವರನ್ನು ಎಣಿಸಿಡುವ ಪ್ರಕಾರ) ಕ್ಲೋನ್ ಮಾಡಿದಾಗ ಒಳಗಿನ ಮೌಲ್ಯ ಎರಡಾಗುವುದಿಲ್ಲ, ಒಡೆಯರ ಎಣಿಕೆ ಒಂದು ಹೆಚ್ಚುತ್ತದೆ, ಅಷ್ಟೆ. ಅಲ್ಲಿ ‘ನಕಲಿಸು’ ಕೂಡ ದಾರಿ ತಪ್ಪಿಸುತ್ತದೆ. ‘ಒಡೆತನದಲ್ಲಿ ಪಾಲು ಕೊಡು’ ಎಂಬಷ್ಟೇ ನನಗೆ ತೋಚಿದೆ. ಇದಕ್ಕೆ ಒಂದೇ ಪದದ ಕ್ರಿಯಾಪದ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ.