‘ಮೈಮೇಲೆ ಬರೆದ’ ಅಂದರೆ ಯಾವ ಮೈ?

ಶಿರಿನ್ ನೆಶಾತ್ ಬಗ್ಗೆ ಲೇಖನ ಬರೆಯುತ್ತಾ ಒಂದೇ ಒಂದು ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಇರಾನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಕಲಾವಿದೆ. 1993ರಿಂದ 1997ರವರೆಗಿನ ‘ವಿಮೆನ್ ಆಫ್ ಅಲ್ಲಾ’ ಸರಣಿಯ ಕಪ್ಪುಬಿಳುಪು ಫೋಟೋಗಳಲ್ಲಿ ಚಾದರ್ (ಇರಾನಿ ಹೆಂಗಸರು ತಲೆಯಿಂದ ಮೈತುಂಬ ಹೊದೆಯುವ ವಸ್ತ್ರ) ಹೊದ್ದ ಹೆಂಗಸಿನ ಮುಖ, ಕೈ, ಪಾದಗಳಷ್ಟೇ ಕಾಣುತ್ತವೆ, ಅವುಗಳ ತುಂಬ ಫಾರ್ಸಿ ಅಕ್ಷರ. ಫರೂಗ್ ಫರ್ರುಖ್‌ಜಾದ್ ಅವರಂಥ ಇರಾನಿ ಕವಯಿತ್ರಿಯರ ಸಾಲುಗಳು.

ಮೊದಲು ‘ದೇಹದ ಮೇಲೆ ಬರೆದ ಕವಿತೆ’ ಎಂದು ಹಾಕಿದ್ದೆ. ಕರಡು ಓದಿದ ಗೆಳತಿ “ಹಚ್ಚೆನಾ?” ಅಂದಳು. ಅಲ್ಲ, ಮದರಂಗಿಯೂ ಅಲ್ಲ. ಚರ್ಮಕ್ಕೆ ಮಸಿ ತಾಗಿಯೇ ಇಲ್ಲ. ಫೋಟೋ ತೆಗೆದು, ಪ್ರಿಂಟ್ ಹಾಕಿ, ಆಮೇಲೆ ಆ ಪ್ರಿಂಟಿನ ಮೇಲೆ ಕೈಯಾರೆ ಬರೆದದ್ದು. ಒಂದು ಚಿತ್ರದಲ್ಲಂತೂ ಕಣ್ಣಿನ ಬಿಳಿಭಾಗದಲ್ಲೇ ಸಾಲುಗಳಿವೆ. ನಿಜವಾದ ಕಣ್ಣಿನಲ್ಲಿ ಹಾಗೆ ಬರೆಯೋಕಾಗುತ್ತಾ?

ಆಗ ‘ಮೈ’ ನೆನಪಾಯಿತು. ಮೇಲ್ಮೈ, ಹೊರಮೈ ಅನ್ನುತ್ತೇವಲ್ಲ, ಅಂದರೆ ಕಾಗದಕ್ಕೂ ಮೈ ಇದೆ. ‘ಚಿತ್ರದ ಮೈಮೇಲೆ ಬರೆದ ಕವಿತೆ’ ಅಂದರೆ ಹೆಂಗಸಿನ ಮೈಯೂ ಪ್ರಿಂಟಿನ ಮೈಯೂ ಒಟ್ಟಿಗೇ ಬಂದುಬಿಡುತ್ತವೆ, ನನಗೆ ಬೇಕಾದದ್ದೂ ಈ ಗೊಂದಲವೇ. ‘ದೇಹ’ಕ್ಕೆ ಯಾಕೋ ಆಸ್ಪತ್ರೆಯ ವಾಸನೆ. ‘ಒಡಲು’ ಚೆಂದದ ಪದ, ಆದರೆ ಅದು ಒಳಗಿನದು, ಹಸಿವು ಸಂಕಟಗಳ ಜಾಗ. ಇಲ್ಲಿ ಎಲ್ಲವೂ ಮೇಲೆಯೇ ನಡೆಯುತ್ತಿದೆ.

ಇನ್ನೊಂದು ತೊಡಕು ‘ಬರೆ’ಯದು. ಅಕ್ಷರ ಬರೆಯುವುದೂ ಬರೆಯೇ, ಕಾದ ಕಬ್ಬಿಣದಿಂದ ಮೈಮೇಲೆ ಎಳೆಯುವುದೂ ಬರೆಯೇ. ಹುಲಿಯನ್ನು ನೋಡಿ ನರಿ ಎಳೆದುಕೊಂಡದ್ದೂ ಅದನ್ನೇ. ಇವೆರಡೂ ಒಂದೇ ಬೇರಿನವಾ, ಸುಮ್ನೆ ಉಚ್ಚಾರ ಕೂಡಿಬಂದದ್ದಾ? ಗೆರೆ ಎಳೆಯುವ ಅರ್ಥದಿಂದ ಎರಡೂ ಕವಲೊಡೆದಿರಬಹುದು ಅಂತ ನನ್ನ ಊಹೆ. ಹೌದಾದರೆ ‘ಮೈಬರೆಹ’ ಅಂತ ಒಂದು ಪದ ಕಟ್ಟಬಹುದಾ, ಅಥವಾ ಅದು ಜಾಸ್ತಿ ಜಾಣತನ ಆಗುತ್ತಾ?

ಅಂದಹಾಗೆ, ‘ಛಾಯಾಗ್ರಾಹಕಿ’ ಅನ್ನುವುದನ್ನು ನಾನೇ ಹೊಡೆದುಹಾಕಿದ್ದೇನೆ. ಈ ಸರಣಿಯಲ್ಲಿ ಕ್ಯಾಮೆರಾ ಹಿಂದೆ ಇದ್ದವರು ಬೇರೆಯವರು, ಹಲವು ಫೋಟೋಗಳಲ್ಲಿ ಆಕೆ ಅದರ ಮುಂದೆ ನಿಂತವರು. ‘ಫೋಟೋ ತೆಗೆದರು’ ಅನ್ನುವ ಹಾಗಿಲ್ಲ, ‘ತೆಗೆಸಿಕೊಂಡರು’ ಅಂದರೆ ಮದುವೆ ಆಲ್ಬಮ್ಮಿನ ಹಾಗೆ ಕೇಳುತ್ತದೆ. ಇದಕ್ಕೆ ಸರಿಯಾದ ಕ್ರಿಯಾಪದ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ, ನಾನು ಸದ್ಯಕ್ಕೆ ‘ಮಾಡಿದರು’ ಎಂದು ಹಾಕಿ ಮುಂದೆ ಹೋಗಿದ್ದೇನೆ.